ಬ್ಯಾಟರಿ ನೀರು

ನೊಣ ತಿನ್ನುತ್ತದಂತೆ ಅಂತ ನಾನೂರೈವತ್ತು ಕೊಟ್ಟು ತರಿಸಿದ್ದು.
ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ನೊಣಕ್ಕೇನು ಬರ,
ಎದುರಿಗೆ ಮಾವಿನಹಣ್ಣಿನ ಮಂಡಿ, ಪಕ್ಕಕ್ಕೆ ಮೋರಿ.
ಪೆಟ್ಟಿಗೆ ಬಿಚ್ಚಿದರೆ
ಅಂಗೈಯಗಲದ ಕುಂಡ, ಒದ್ದೆ ಪಾಚಿ,
ಅದರೊಳಗೆ ಆರು ಬಾಯಿ.
ನಾಲ್ಕು ಆಗಲೇ ಕಪ್ಪಾಗಿದ್ದವು.

ಬಾಯಿಯ ಅಂಚಿಗೆಲ್ಲ ಹಲ್ಲು.
ದಿನಕ್ಕೆ ಇನ್ನೂರು ಜೀನ್ಸಿಗೆ ಜಿಪ್ಪು ಕೂಡಿಸುವವಳು ನಾನು,
ಹಲ್ಲಿಗೆ ಹಲ್ಲು ಕೂಡುವುದು ಹೇಗೆಂದು
ಈ ಬೆರಳಿಗೆ ಯಾರೂ ಹೇಳಿಕೊಡಬೇಕಿಲ್ಲ.
ಆದರೂ ಅದು ಮುಚ್ಚಿದ್ದನ್ನು ಮೊದಲ ಸಲ ಕಂಡಾಗ
ಕಾಲು ಪೆಡಲಿನ ಮೇಲೆಯೇ ನಿಂತುಬಿಟ್ಟಿತು.

ಮೊದಲ ವಾರ ನಲ್ಲಿಯ ನೀರು ಹಾಕಿದೆ.
ಕೊಡದ ತಳಕ್ಕೆ ಸುಣ್ಣ ಕಟ್ಟುವ ನೀರು,
ನಮ್ಮ ಹಲ್ಲನ್ನೇ ಕಂದು ಮಾಡಿದ ನೀರು.
ಐದನೆಯ ಬಾಯಿ ಕಪ್ಪಾಯಿತು.
ಪಕ್ಕದ ಹುಲಿಗೆಮ್ಮ ಅಕ್ಕಿ ತೊಳೆದ ನೀರು ತಂದಳು,
"ಕೂಸಿಗೆ ಏನರ ಸತ್ವ ಬ್ಯಾಡೇನ್‌ಬೇ" ಅಂತ
ಒಂದು ಹಿಡಿ ಸಗಣಿಗೊಬ್ಬರ ಬೇರೆ.
ಕೈ ಹಿಡಿದು ತಡೆದೆ. ಮುನಿಸಿಕೊಂಡು ಹೋದಳು.
ಹೇಗೆ ಹೇಳಲಿ ಆಕೆಗೆ,
ಬೇರಿಗೆ ಉಣ್ಣಿಸಿದರೆ ಸಾಯುವ ಜಾತಿ ಇದು ಅಂತ.
ಏನೂ ಇಲ್ಲದ ಮಣ್ಣಲ್ಲಿ ಹುಟ್ಟಿ
ಏನೂ ಇಲ್ಲದ್ದೇ ರೂಢಿಯಾಗಿ
ಹಸಿವಿಗೆ ಹಲ್ಲು ಮೂಡಿದ್ದು.

ಬ್ಯಾಟರಿ ಅಂಗಡಿ ಎರ್ರಿಸ್ವಾಮಿ ಕೇಳಿದ,
"ಇನ್ವರ್ಟರ್ ಯಾವ ಕಂಪನೀದಕ್ಕಾ?"
ಇನ್ವರ್ಟರ್ ಇಲ್ಲ, ಗಿಡ ಐತಿ ಅಂದೆ.
ನಕ್ಕ. ಐದು ಲೀಟರಿನ ಕ್ಯಾನು ಕೊಟ್ಟ.
ಉಪ್ಪಿಲ್ಲ, ಸುಣ್ಣವಿಲ್ಲ,
ಎಲ್ಲ ಕಳಚಿಟ್ಟು ಬಂದ ನೀರು.
ನಾಲಿಗೆಗೆ ಒಂದು ಹನಿ ಹಚ್ಚಿ ನೋಡಿದೆ, ಸುಳ್ಳೇಕೆ:
ನೀರಿನ ನೆನಪಿನ ಹಾಗಿತ್ತು.

ನೊಣ ಹಿಡಿಯಲೆಂದು ತಂದದ್ದು.
ಈಗ ಮಂಡಿಯ ಮುಂದೆ ಲೋಟ ಬೋರಲು ಹಾಕಿ
ನಾನೇ ನೊಣ ಹಿಡಿಯುತ್ತೇನೆ.

ತಂಗಿಯ ಮಗ ಗಾದಿಲಿಂಗ ಬಂದರೆ ಕಡ್ಡಿ ಹಿಡಿದೇ ಬರುತ್ತಾನೆ.
ಕೆಣಕಿದರೆ ಮುಚ್ಚುತ್ತದೆ, ಬರೀ ಬಾಯಿ ಕಚ್ಚಿಕೊಳ್ಳುತ್ತದೆ,
ನಾಲ್ಕೈದು ಸಲ ಅಷ್ಟೇ,
ಆಮೇಲೆ ಆ ಬಾಯಿ ಮುಗಿಯಿತು.
ಒಂದೊಂದು ತುಟಿಯೊಳಗೂ ಮೂರು ಕೂದಲು.
ಒಮ್ಮೆ ತಾಗಿದರೆ ಗಾಳಿಯೋ ಧೂಳೋ ಎಂದು ಸುಮ್ಮನಿರುತ್ತದೆ,
ಇಪ್ಪತ್ತು ಎಣಿಸುವುದರೊಳಗೆ ಇನ್ನೊಮ್ಮೆ ತಾಗಿದರೆ
ಆಗ ನಂಬುತ್ತದೆ.
ನನಗೆ ಈ ಲೆಕ್ಕ ಆ ವಯಸ್ಸಿನಲ್ಲಿ ಗೊತ್ತಿರಲಿಲ್ಲ.
ಒಂದೇ ಸಲಕ್ಕೆ ಮುಚ್ಚಿಕೊಂಡೆ.
ಇರಲಿ, ಅದು ಬೇರೆ ಮಾತು.

ಈಗ ಹೊಸ ತಕರಾರು: ಅದಕ್ಕೆ ಚಳಿ ಬೇಕಂತೆ.
ಬಳ್ಳಾರಿಯಲ್ಲಿ!
ಕೋಟೆಗುಡ್ಡದ ಬಂಡೆ ನಡುರಾತ್ರಿಗೂ ಬೆಚ್ಚಗಿರುವ ಊರಿಗೆ
ಮೂರು ತಿಂಗಳ ಚಳಿ ಎಲ್ಲಿಂದ ತರಲಿ?
ಕಾರ್ತಿಕ ಕಳೆದ ಮೇಲೆ
ಫ್ರಿಜ್ಜಿನ ಕೆಳಗಿನ ಖಾನೆ ತೆರವು ಮಾಡಿದೆ.
ಬದನೆಕಾಯಿ ಮೇಲಕ್ಕೆ, ಗುರೆಳ್ಳುಪುಡಿ ಹೊರಕ್ಕೆ,
ದೋಸೆಹಿಟ್ಟಿನ ಪಕ್ಕಕ್ಕೆ ಯಾವುದೋ ದೇಶದ ಚಳಿಗಾಲ.
ಕರೆಂಟ್ ಹೋದಾಗ
ನಿಂತ ಹೊಲಿಗೆಗಿಂತ ಮೊದಲು ಅದರ ಚಿಂತೆ.
ಎದ್ದು ಹೋಗಿ ಬಾಗಿಲಿಗೆ ಅಂಗೈ ಒತ್ತಿ ನಿಲ್ಲುತ್ತೇನೆ,
ತಂಪು ಸೋರಬಾರದೆಂದು.

ಮಾಲು ಎಣಿಸಲು ಬಂದ ಮೇಸ್ತ್ರಿ ತಣ್ಣೀರಿಗೆ ಫ್ರಿಜ್ಜು ತೆಗೆದು
"ಇದೇನ್ ಸತ್ತ ಗಿಡ ತಂಪಿನ್ಯಾಗ?" ಎಂದ.
"ಸತ್ತಿಲ್ಲ. ರಜಾ ಮ್ಯಾಲೈತಿ."
ರಜೆ ಎಂಬ ಮಾತು ಅವನಿಗೆ ಹಿಡಿಸಲಿಲ್ಲ,
ಬೇಗ ಬೇಗ ಎಣಿಸಿದ. ಎರಡು ಕಡಿಮೆ ಎಣಿಸಿದ.

ಮಾಘ ಮುಗಿಯುವ ಹೊತ್ತಿಗೆ ತೆಗೆದು ನೋಡಿದರೆ
ಕರಿ ಎಲೆಗಳ ನಡುವೆ, ಹೆಸರುಬೇಳೆಯಷ್ಟು,
ಇನ್ನೂ ಬಿಚ್ಚದ ಒಂದು ಹಸಿರು.
ಪಾಚಿಯೂ ಇರಬಹುದು.
ಕಿಟಕಿಯಲ್ಲಿಟ್ಟು ತಟ್ಟೆಗೆ ಬ್ಯಾಟರಿ ನೀರು ಹೊಯ್ದೆ.
ಚಹಾದ ಲೋಟದ ಅಂಚಿಗೆ ನೊಣವೊಂದು ಕೂತು
ಕೈ ಹೊಸೆಯಿತು.
ಓಡಿಸಲಿಲ್ಲ.
ಇರು, ಎಂದೆ ಅದಕ್ಕೆ, ಇನ್ನೊಂದಿಷ್ಟು ದಿನ.